ಪಿಳ್ಳಮ್ಮನ ಬಾವಿ ತೋಡಿದವರು

ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಏನೇನು ಅಂಟಿದೆ ಎಂದು ನೀವು ಹೇಳಬೇಕಾಗಿಲ್ಲ. ಗ್ಯಾಸಿನವರ ನಂಬರು, ಯಾರದೋ ಗೃಹಪ್ರವೇಶದಲ್ಲಿ ಕೊಟ್ಟ ಆಯಸ್ಕಾಂತದ ಗಣಪತಿ, ತೂಕ ಇಳಿಸಲೆಂದು ಬರೆದುಕೊಂಡು ಒಂದು ದಿನವೂ ಪಾಲಿಸದ ಊಟದ ಪಟ್ಟಿ. ನಮ್ಮ ಮನೆಯದೂ ಹಾಗೇ ಇತ್ತು. ಆರು ತಿಂಗಳಿಂದ ಆ ಗಣಪತಿಯ ಕೆಳಗೆ ಒಂದು ಹಾಳೆ ಸೇರಿಕೊಂಡಿದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಕೇಲು ಹಿಡಿದು ಗೆರೆ ಎಳೆದು ಮಾಡಿದ ಫಾರಂ ಅದು. ಒಂದು ಗೆರೆ ಬಿಟ್ಟು ಉಳಿದವೆಲ್ಲ ತುಂಬಿವೆ. ಹಾಲು ತೆಗೆಯಲು ಹೋದರೆ ಆ ಖಾಲಿ ಗೆರೆ ಕಾಣುತ್ತದೆ, ಮೊಸರು ಇಡಲು ಹೋದರೂ ಕಾಣುತ್ತದೆ. ನಾನು ಬಾಗಿಲು ತೆಗೆದು, ಯಾಕೆ ತೆಗೆದೆ ಎಂಬುದನ್ನು ಮರೆತು, ಮುಚ್ಚಿ, ಮತ್ತೆ ತೆಗೆಯುತ್ತೇನೆ.

"ಏನೇ ಅದು, ಫ್ರಿಜ್ ಜೊತೆ ಕುಸ್ತಿ ಆಡ್ತಿದ್ಯಾ? ಒಂದ್ ಕಡೆ ಕೂತ್ಕೋಬಾರ್ದಾ?" ಎನ್ನುತ್ತಾರೆ ನಮ್ಮ ಯಜಮಾನರು. ಕೂರಬಹುದು. ಕೂತರೆ ಎದುರಿಗೆ ಅದೇ ಫ್ರಿಜ್ಜು.

ನಾವು ದೊಮ್ಮಲೂರಿನ ಹಳಬರು. ಇದು ಹಳ್ಳಿಯಾಗಿದ್ದಾಗಿನಿಂದ ಇರುವವರು. ತಾತ ರಾಗಿ ಬೆಳೆದರು, ಅಪ್ಪ ಕೊತ್ತಂಬರಿ ಸೊಪ್ಪು ಬೆಳೆದರು, ನಾವು ಬಾಡಿಗೆ ಬೆಳೆಯುತ್ತೇವೆ. ಮಳೆ ಬಂದರೂ ಬರದಿದ್ದರೂ ತಿಂಗಳ ಮೊದಲ ವಾರ ಫಸಲು ಕೈಗೆ ಬರುತ್ತದೆ. ಒಬ್ಬಳೇ ಮಗಳೆಂದು ಅಪ್ಪ ಅಳಿಯನನ್ನೇ ಮನೆಗೆ ತಂದುಕೊಂಡರು, ಹಾಗಾಗಿ ನಾನು ಹುಟ್ಟಿದ ಬೀದಿಯಲ್ಲೇ ಅಜ್ಜಿಯೂ ಆಗಿದ್ದೇನೆ. ಹಳೆಯ ಕಾಲದ ಸಂಗತಿ ಬೇಕೆಂದು ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ ಬೀದಿಯವರು, "ಆ ಹಸಿರು ಗೇಟು, ಜಯಮ್ಮನವರನ್ನ ಕೇಳಿ" ಎಂದು ಕಳಿಸುತ್ತಾರೆ. ನಿಜ ಹೇಳಬೇಕೆಂದರೆ ನನಗೆ ಅದರಿಂದ ಒಳಗೊಳಗೇ ಹಿಗ್ಗು. ಸೆರಗು ಸರಿಮಾಡಿಕೊಂಡು, ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಟ್ಟು, ಕಾಫಿ ಕುಡಿಸಿ ಕಳಿಸುತ್ತಿದ್ದೆ.

ಆಫ್ರೀನ್ ಹಾಗೆಯೇ ಬಂದವಳು. ಶಿವಾಜಿನಗರದ ಹುಡುಗಿ. ಅವಳ ತಂದೆಗೆ ರಸೆಲ್ ಮಾರುಕಟ್ಟೆಯಲ್ಲಿ ಖರ್ಜೂರದ ಅಂಗಡಿ. ಶಾಲೆಗಳ ನಡುವೆ ಚರಿತ್ರೆಯ ಪ್ರಾಜೆಕ್ಟ್ ಸ್ಪರ್ಧೆಯಂತೆ, ಇವಳು ಆರಿಸಿಕೊಂಡ ವಿಷಯ 'ಮುಚ್ಚಿಹೋದ ಬಾವಿಗಳು'. ಬೆನ್ನಿಗೆ ಬ್ಯಾಗು, ಕೈಯಲ್ಲಿ ಅಪ್ಪನ ಫೋನು, ಅದರಲ್ಲಿ ರೆಕಾರ್ಡಿಂಗು.

ಪ್ರಾಜೆಕ್ಟು ಎಂದರೆ ನನಗೆ ಗೊತ್ತಿದ್ದದ್ದು ಥರ್ಮೋಕೋಲು. ನನ್ನ ಮಗ ಆರನೇ ಕ್ಲಾಸಿನಲ್ಲಿದ್ದಾಗ ಕೋಟೆಯೊಂದನ್ನು ಮಾಡಿಕೊಂಡು ಬರಲು ಹೇಳಿದ್ದರು. ಅವನು ಒಂಬತ್ತಕ್ಕೆ ಮಲಗಿದ, ಬುರುಜು ಕಟ್ಟಿದ್ದು ನಾನು, ಬಾಗಿಲಿಗೆ ಬಣ್ಣ ಹಚ್ಚಿದ್ದು ಅವರಪ್ಪ. 'ವೆರಿ ಗುಡ್' ಬಂದಾಗ ಮೂವರಲ್ಲಿ ಹೆಚ್ಚು ಬೀಗಿದವಳು ನಾನೇ. ಈಗ ಆ ಕಷ್ಟವೂ ಇಲ್ಲ, 'ಪ್ರಾಜೆಕ್ಟ್ ಮಾಡಿಕೊಡಲಾಗುತ್ತದೆ' ಎಂದು ಜೆರಾಕ್ಸ್ ಅಂಗಡಿಯವರೇ ಬೋರ್ಡು ಹಾಕಿದ್ದಾರೆ. ಇವಳೂ ಅಂಥದ್ದೇ ಏನೋ ಅಂಟಿಸಲು ಬಂದಿದ್ದಾಳೆ ಎಂದುಕೊಂಡೆ.

"ಆಂಟಿ, ಈ ಫಾರಂ ಒಂದ್ಸಲ ಓದ್ಕೊಳ್ಳಿ. ನೀವು ಹೇಳಿದ್ದನ್ನ ನಾನು ಬರೀಬಹುದು ಅಂತ ಸೈನ್ ಮಾಡ್ಬೇಕು. ಓದ್ದೆ ಸೈನ್ ಮಾಡ್ಬೇಡಿ."

ಓದದೆ ಸೈನ್ ಮಾಡಬೇಡಿ ಎಂದಳು ನೋಡಿ, ಅಲ್ಲೇ ನನಗೆ ಎಲ್ಲೋ ಚುರುಕ್ ಎಂದಿತು. ಆಮೇಲೆ ಮೊದಲ ಪ್ರಶ್ನೆ ಕೇಳಿದಳು.

"ನಿಮ್ಮ ಬೀದಿ ಕೊನೇಲಿರೋ ಪಿಳ್ಳಮ್ಮನ ಬಾವಿ ಬಗ್ಗೆ ನಿಮಗೆ ಏನು ಗೊತ್ತು?"

ನನಗೆ ಗೊತ್ತಿದ್ದಷ್ಟು ಪ್ರಪಂಚದಲ್ಲಿ ಯಾರಿಗೂ ಗೊತ್ತಿಲ್ಲ. ಏಕೆಂದರೆ ಪಿಳ್ಳಮ್ಮನನ್ನು ಹುಟ್ಟಿಸಿದವಳೇ ನಾನು.

ಏಳನೇ ತರಗತಿ. ನಮಗೂ ಒಂದು ಸ್ಪರ್ಧೆಯಿತ್ತು, 'ನಮ್ಮ ಊರಿನ ಚರಿತ್ರೆ'. ಸುತ್ತಲಿನ ನಾಲ್ಕೈದು ಶಾಲೆಯವರೆಲ್ಲ ಬರೆಯಬೇಕು. ಆಗ ಫೋನಿಲ್ಲ, ರೆಕಾರ್ಡಿಂಗಿಲ್ಲ. ಬರೆದದ್ದು ನಿಜ ಎಂಬುದಕ್ಕೆ ಊರಿನ ಮೂವರು ಹಿರಿಯರ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿಕೊಂಡು ಬರಬೇಕು, ಅದೇ ನಿಯಮ. ಬೀದಿಯ ಬಾವಿಯ ಬಗ್ಗೆ ಬರೆಯೋಣವೆಂದು ನಾನು ಮೊದಲು ಅಜ್ಜಿಯ ಹತ್ತಿರ ಹೋದೆ. ಅಜ್ಜಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದಳು.

"ನಂಗೇನೇ ಗೊತ್ತು? ನಾನ್ ಮದ್ವೆಯಾಗಿ ಬಂದಾಗ್ಲೇ ಬಾವಿ ಇತ್ತು, ನೀರೂ ಇತ್ತು. ಯಾರ್ ತೋಡುದ್ರು ಅಂತ ಕೇಳ್ಕೊಂಡು ಯಾರಾದ್ರೂ ನೀರ್ ಸೇದ್ತಾರಾ? ಬಾ ಇಲ್ಲಿ, ಈ ದಾರ ಹಿಡ್ಕೋ."

ದಾರ ಹಿಡಿದುಕೊಂಡೇ ನಾನು ಪಿಳ್ಳಮ್ಮನನ್ನು ಕಲ್ಪಿಸಿಕೊಂಡೆ. ಗಂಡ ಸತ್ತವಳು, ಮಕ್ಕಳಿಲ್ಲದವಳು. ಬರಗಾಲ ಬಂತು. ದಂಡಿನ ಕುದುರೆಗಳೆಲ್ಲ ಬಂದು ಕೆರೆಯ ನೀರು ಕುಡಿದು ಖಾಲಿ ಮಾಡಿದವು. ಊರಿನ ಮಕ್ಕಳು ಬಾಯಾರಿ ಅತ್ತವು. ಪಿಳ್ಳಮ್ಮ ತನ್ನ ಬೆಳ್ಳಿಯ ಕಾಲ್ಕಡಗ ಬಿಚ್ಚಿ ಮಾರಿ ಬಾವಿ ತೋಡಿಸಿದಳು. ಅಜ್ಜಿಯ ಕಡಗ ಇಪ್ಪತ್ತು ತೊಲ ಇತ್ತಾದ್ದರಿಂದ ಪಿಳ್ಳಮ್ಮನದಕ್ಕೆ ಇಪ್ಪತ್ತೆರಡು ತೊಲ ಹಾಕಿದೆ. 'ಪುರಾತನ ಕಾಲದಿಂದಲೂ' ಎಂದು ಶುರುಮಾಡಿ 'ನೀರು ಕೊಟ್ಟವಳು ಹೆತ್ತವಳಿಗಿಂತ ಹೆಚ್ಚು' ಎಂದು ಮುಗಿಸಿದೆ. ಬರೆದು ಓದಿಕೊಂಡಾಗ ನನಗೇ ಅಳು ಬಂತು.

ಸಹಿಗೇನು ಕಷ್ಟ? ಮಕ್ಕಳು ತಂದ ಕಾಗದವನ್ನು ಓದಿ ಸಹಿ ಹಾಕುವವರು ಆಗ ನಮ್ಮ ಬೀದಿಯಲ್ಲಿ ಯಾರಿದ್ದರು? ಅಜ್ಜಿ ಸೊಪ್ಪಿನ ಕೈಯಲ್ಲೇ ಹೆಬ್ಬೆಟ್ಟು ಒತ್ತಿದಳು. ಪಕ್ಕದ ಮನೆಯ ತಾತ ಒಬ್ಬರು ಒತ್ತಿದರು. ಮೂರನೆಯವರು ಮುನಿಸ್ವಾಮಪ್ಪ. ಆಗ ಅವರಿಗೆ ನಲವತ್ತೂ ದಾಟಿರಲಿಲ್ಲ, ಮೀಸೆ ದೊಡ್ಡದಿತ್ತೆಂದು ಹಿರಿಯರ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ.

ನನಗೆ ಮೊದಲ ಬಹುಮಾನ ಬಂತು. ಸ್ಟೀಲಿನ ತಟ್ಟೆ, ಈಗಲೂ ಅದರಲ್ಲಿ ದೋಸೆ ಹಿಟ್ಟು ಮುಚ್ಚುತ್ತೇನೆ. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಸಮಾರಂಭದ ದಿನ ನಮ್ಮ ಹೆಡ್‌ಮಾಸ್ಟರು ನನ್ನ ಪ್ರಬಂಧವನ್ನು ಮೈಕಿನಲ್ಲಿ ಓದಿಸಿ, ಇಷ್ಟೊಳ್ಳೆಯ ಇತಿಹಾಸವನ್ನು ಕಾಪಾಡಿದ ಹಿರಿಯರು ಎಂದು ಆ ಮೂವರನ್ನೂ ವೇದಿಕೆಗೆ ಕರೆದು ಶಾಲು ಹೊದಿಸಿಬಿಟ್ಟರು. ಶಾಲು ಹೊದ್ದ ಮೇಲೆ ಮನುಷ್ಯರು ಮಾತು ತಪ್ಪುತ್ತಾರೆಯೇ? ಮರುದಿನ ಬೆಳಗ್ಗೆ ಹಾಲು ಹಾಕಿಸಿಕೊಳ್ಳುತ್ತ ನಮ್ಮಜ್ಜಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ನಾನ್ ಮದ್ವೆಯಾಗಿ ಬಂದಾಗ ಪಿಳ್ಳಮ್ಮಂಗೆ ವಯಸ್ಸಾಗಿತ್ತು ಕಣೆ. ಆದ್ರೂ ಎಂಥಾ ಎತ್ತರ ಅಂತೀಯ!"

ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡೆ. ಪಿಳ್ಳಮ್ಮ ಎತ್ತರ ಎಂದು ನಾನು ಬರೆದಿರಲಿಲ್ಲ.

ಆಮೇಲೆ ಅವಳನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ. ನಲ್ಲಿ ಬಂದು ಬಾವಿ ಪಾಳುಬಿದ್ದಾಗ ಅದರ ಮೇಲೆ ಚಪ್ಪಡಿ ಹಾಕಿದರು. ಪಿಳ್ಳಮ್ಮನ ಬಾವಿಯ ಮೇಲೆ ಗಾಡಿ ನಿಲ್ಲಿಸುವುದೇ ಎಂದು ಹೆಂಗಸರು ಅಲ್ಲೊಂದು ಕಲ್ಲು ನಿಲ್ಲಿಸಿ ಕುಂಕುಮ ಇಟ್ಟರು. ಶುಕ್ರವಾರ ದೀಪ ಶುರುವಾಯಿತು. ಅಪಾರ್ಟ್‌ಮೆಂಟು ಬಂದ ಮೇಲೆ ಅಲ್ಲಿಯ ಸಂಘದವರು ಕರಿಯ ಗ್ರಾನೈಟಿನ ಫಲಕ ಹಾಕಿಸಿದರು. ಇಪ್ಪತ್ತೆರಡು ತೊಲ, ದಂಡಿನ ಕುದುರೆ, ಹೆತ್ತವಳಿಗಿಂತ ಹೆಚ್ಚು, ಎಲ್ಲವೂ ಅದರಲ್ಲಿದೆ. ಫಲಕದ ಪೂಜೆಗೆ ನಾನೂ ಹೋಗಿ ಕೋಸಂಬರಿ ತಿಂದು ಬಂದೆ. ಯಾರಿಗೂ ತೊಂದರೆಯಿಲ್ಲದ ಸುಳ್ಳು, ಹೋಗಲಿ ಬಿಡು ಎಂದುಕೊಂಡೇ ಇಷ್ಟು ವರ್ಷ ಕಳೆದೆ.

ಆಫ್ರೀನ್ ಫೋನನ್ನು ನನ್ನತ್ತ ಸರಿಸಿ ಕಾಯುತ್ತಿದ್ದಳು. ನಾನು ಏನು ಮಾಡಿದೆ ಅಂದುಕೊಂಡಿರಿ? ಗಂಟಲು ಸರಿಮಾಡಿಕೊಂಡು, "ಹೌದಮ್ಮ, ನಮ್ಮಜ್ಜಿ ಹೇಳ್ತಿದ್ರು, ಪಿಳ್ಳಮ್ಮ ಅಂತ ಒಬ್ರು ಇದ್ರು" ಎಂದೆ. ಸಹಿಯನ್ನೂ ಹಾಕಿದೆ, ಓದಿಯೇ ಹಾಕಿದೆ.

ಅವತ್ತು ಬುಧವಾರ. ಅವಳು ಪ್ರಾಜೆಕ್ಟು ಒಪ್ಪಿಸಬೇಕಾದದ್ದು ಸೋಮವಾರ ಮಧ್ಯಾಹ್ನ. ನಡುವಿನ ದಿನಗಳಲ್ಲಿ ನಾನು ಮಾಡಿದ ಕೆಲಸ ಒಂದೂ ನೆಟ್ಟಗಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಬಾಲ್ಕನಿಗೆ ಹೋದೆ, ಟೆರೇಸಿಗೆ ಹೋದೆ, ಕೆಳಗಿಳಿದು ಬಾವಿಯವರೆಗೆ ಹೋಗಿ ಫಲಕ ಓದಿ ವಾಪಸ್ಸು ಬಂದೆ. ಬೀದಿಯವರಿಗೆ ಸುಳ್ಳು ಹೇಳಿದ್ದು ಹನ್ನೆರಡು ವರ್ಷದ ಹುಡುಗಿ, ಅವಳನ್ನು ಕ್ಷಮಿಸಬಹುದು. ಈ ಹುಡುಗಿಗೆ ಸುಳ್ಳು ಹೇಳಿದವಳು ಐವತ್ತೆಂಟರ ಹೆಂಗಸು, ಬಿಪಿ ಮಾತ್ರೆ ನುಂಗುವವಳು. ಆಫ್ರೀನ್ ಒಂದೊಂದು ಪ್ರಶ್ನೆಗೂ ಪೆನ್ನು ಎತ್ತಿ ಮುಖ ನೋಡುತ್ತಿದ್ದಳಲ್ಲ, ಆ ಮುಖ ಕಣ್ಣ ಮುಂದಿನಿಂದ ಹೋಗಲೊಲ್ಲದು. ಶನಿವಾರ ಮಧ್ಯಾಹ್ನ ತಡೆಯಲಾರದೆ ಶಿವಾಜಿನಗರದ ಬಸ್ಸು ಹತ್ತಿದೆ.

ರಸೆಲ್ ಮಾರುಕಟ್ಟೆಯ ಒಳಗೆ ಹೂವಿನವರನ್ನು ದಾಟಿ, ಕೇಳುತ್ತ ಕೇಳುತ್ತ ಅವರ ಅಂಗಡಿ ಹುಡುಕಿದೆ. ಆಫ್ರೀನ್ ಒಳಗಡೆ ರಟ್ಟಿನ ಡಬ್ಬಗಳ ನಡುವೆ ಕೂತು ಬರೆಯುತ್ತಿದ್ದಳು. ಅವಳ ತಂದೆ ಗಿರಾಕಿಯೊಬ್ಬರಿಗೆ ಖರ್ಜೂರವೊಂದನ್ನು ಸೀಳಿ, ಒಳಗೆ ಹುಳವಿಲ್ಲವೆಂದು ತೋರಿಸಿ ತೂಕ ಹಾಕುತ್ತಿದ್ದರು. ಮಗಳು ಯಾರ ಕೈಯಲ್ಲಿ ಬೆಳೆದವಳು ಎಂಬುದು ಅರ್ಥವಾಯಿತು.

"ಬನ್ನಿ ಬನ್ನಿ ಮೇಡಂ, ಕೂತ್ಕೊಳ್ಳಿ. ಬೇಟಿ, ನಿನ್ನ ಬಾವಿ ಮೇಡಂ ಬಂದವ್ರೆ ನೋಡು" ಎಂದು ಸ್ಟೂಲು ಎಳೆದುಕೊಟ್ಟರು.

ಕೂತುಕೊಂಡರೆ ಧೈರ್ಯ ಹೋದೀತೆಂದು ನಿಂತೇ ಹೇಳಿದೆ. ಅಜ್ಜಿ, ದಾರ, ಹೆಬ್ಬೆಟ್ಟು, ಶಾಲು, ಒಂದೂ ಬಿಡದೆ. ಹೇಳಿ ಮುಗಿಸಿ ಅವಳು ಬಯ್ಯುತ್ತಾಳೋ ಅಳುತ್ತಾಳೋ ಎಂದು ನೋಡಿದೆ. ಅವಳು ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ತಿರುವಿದಳು.

"ಆಂಟಿ, ನಿಮ್ಮ ಬೀದೀಲಿ ನಾನು ಒಂಬತ್ತು ಜನರನ್ನ ಕೇಳಿದ್ದೀನಿ. ಒಂಬತ್ತು ಜನಾನೂ ಪಿಳ್ಳಮ್ಮ ಇದ್ರು ಅಂತಾರೆ. ಮುನಿಸ್ವಾಮಪ್ಪ ತಾತ ಅಂತೂ ಅವರ ಅವ್ವ ಪಿಳ್ಳಮ್ಮನ ಜೊತೆ ನೀರು ಸೇದ್ತಿದ್ರು ಅಂದ್ರು. ನೀವೂ ಬುಧವಾರ ಹೌದು ಅಂದ್ರಿ. ಇವತ್ತು ಇಲ್ಲ ಅಂತಿದ್ದೀರಿ."

"ಇವತ್ತಿಂದು ನಿಜ ಕಣಮ್ಮ."

"ಪ್ರೂಫ್ ಏನಾದ್ರೂ ಇದ್ಯಾ? ಅವಾಗ ಬರ್ದಿದ್ದ ನೋಟ್ಸ್? ಯಾರಿಗಾದ್ರೂ ಹೇಳಿದ್ರಾ?"

ಎಲ್ಲಿಂದ ತರಲಿ? ಸುಳ್ಳಿಗೆ ಮೂರು ಹೆಬ್ಬೆಟ್ಟಿತ್ತು, ಗ್ರಾನೈಟಿತ್ತು, ವಾರ ವಾರ ದೀಪವಿತ್ತು. ನಿಜಕ್ಕೆ ನಾನೊಬ್ಬಳೇ, ಅದೂ ನಾಲ್ಕು ದಿನದಲ್ಲಿ ಮಾತು ಬದಲಿಸಿದವಳು. ಅವಳ ತಂದೆ ತಕ್ಕಡಿಯ ಹತ್ತಿರ ನಿಂತು ನಗು ತಡೆದುಕೊಳ್ಳುತ್ತಿದ್ದರು. ನನಗೂ ನಗು ಬಂತು, ಮೈ ಹಗುರಾಯಿತು, ಇನ್ನೇನು ಸ್ಟೂಲಿನ ಮೇಲೆ ಕೂರಬೇಕು, ಆಗ ಅವಳು ಪೆನ್ನೆತ್ತಿ ಕೇಳಿದಳು:

"ಸರಿ, ಪಿಳ್ಳಮ್ಮ ಇರ್ಲಿಲ್ಲ ಅಂತಾನೇ ಇಟ್ಕೊಳ್ಳೋಣ. ಹಂಗಾದ್ರೆ ಆ ಬಾವಿ ತೋಡಿದ್ದು ಯಾರು?"

ಇಲ್ಲಿಯವರೆಗೆ ನಿಮಗೂ ಹೇಳದೆ ಉಳಿಸಿಕೊಂಡ ಸಂಗತಿಯೊಂದಿದೆ. ಯಾರು ತೋಡಿದ್ದು ಎಂಬುದು ನನಗೆ ಗೊತ್ತಿತ್ತು. ಪ್ರಬಂಧ ಬರೆಯುವ ಮೊದಲೇ ಗೊತ್ತಿತ್ತು.

ನಮ್ಮ ತರಗತಿಯಲ್ಲಿ ಶಾಲೆಗೆ ಸೇರಿದ ಕ್ರಮದಲ್ಲಿ ಹಾಜರಿ ನಂಬರು, ಅದೇ ಕ್ರಮದಲ್ಲಿ ಕೂರುವುದು. ನನ್ನದು ಹದಿನೆಂಟು. ಹತ್ತೊಂಬತ್ತು ನನ್ನ ಪಕ್ಕದವಳು. ಊರಾಚೆ ಶೀಟಿನ ಮನೆಗಳಲ್ಲಿದ್ದವಳು, ಕಲ್ಲು ಒಡೆಯುವ, ಬಾವಿ ತೋಡುವ ಕುಟುಂಬದವಳು. ನಾನು ಬಾವಿಯ ಬಗ್ಗೆ ಬರೆಯುತ್ತೇನೆಂದಾಗ ಅವಳು ಖುಷಿಯಿಂದ, "ಆ ಬಾವಿ ತೋಡಿದ್ದು ನಮ್ ತಾತನೇ ಕಣೇ! ಒಳಗೆ ಸುತ್ತ ಕಲ್ಲು ಕಟ್ಟಿದ್ದೂ ಅವ್ರೇ. ಕರ್ಕೊಂಡ್ ಬರ್ಲಾ? ನಿಂಗೆ ಎಲ್ಲಾ ಹೇಳ್ತಾರೆ, ಹೆಬ್ಬೆಟ್ಟೂ ಒತ್ತುತಾರೆ" ಎಂದಳು. ಆಮೇಲೆ ಏನೋ ನೆನಪಾಗಿ, "ಆದ್ರೆ ಅವ್ರಿಗೆ ಎಡಗೈ ಹೆಬ್ಬೆಟ್ಟಿಲ್ಲ. ಆ ಬಾವೀಲೇ ಕಲ್ಲು ಬಿದ್ದು ಹೋಯ್ತು" ಎಂದಳು.

ಹೆಬ್ಬೆಟ್ಟು ಒತ್ತುವುದು ಎಡಗೈಯದನ್ನೇ ಎಂದು ನಮಗೆ ಹೇಳಿದ್ದರು. ನಾನು ದೊಡ್ಡ ಲಾಯರಿನ ಹಾಗೆ ಮುಖ ಮಾಡಿ, "ಹಂಗಾದ್ರೆ ಆಗಲ್ಲ ಬಿಡೇ, ಹೆಬ್ಬೆಟ್ಟಿಲ್ದಿದ್ರೆ ಒಪ್ಪಲ್ಲ" ಎಂದುಬಿಟ್ಟೆ. ಬಲಗೈಯದು ಆಗುತ್ತದೆಯೇ ಎಂದು ಮಿಸ್ಸನ್ನು ಕೇಳಬಹುದಿತ್ತು. ಕೇಳಲಿಲ್ಲ. ಕಾರಣ ಹೆಬ್ಬೆಟ್ಟೂ ಅಲ್ಲ, ಒಪ್ಪಿಕೊಳ್ಳುತ್ತೇನೆ. ಕೂಲಿ ತೆಗೆದುಕೊಂಡು ಮಣ್ಣು ಹೊತ್ತ ಮುದುಕನಿಗೆ ಯಾರು ಬಹುಮಾನ ಕೊಡುತ್ತಾರೆ? ಕಡಗ ಮಾರಿದ ವಿಧವೆಯಾದರೆ ಮೈಕಿನಲ್ಲಿ ಓದುತ್ತಾರೆ. ಸಮಾರಂಭದ ದಿನ ಅವಳೂ ಎದುರಿನ ಜಮಖಾನೆಯ ಮೇಲೆ ಕೂತಿದ್ದಳು. ಚಪ್ಪಾಳೆ ತಟ್ಟಿದಳು. ಆ ವರ್ಷ ಮುಗಿದ ಮೇಲೆ ಶಾಲೆಗೆ ಬರಲಿಲ್ಲ. ಮುಂದೆ ರಿಂಗ್ ರೋಡು ಬರುವ ಹೊತ್ತಿಗೆ ಆ ಶೀಟಿನ ಮನೆಗಳೂ ಇರಲಿಲ್ಲ.

ಇದನ್ನು ಹೇಳುವಾಗ ನಾನು ಸ್ಟೂಲಿನ ಮೇಲೆ ಕೂತಿದ್ದೆ, ಯಾವಾಗ ಕೂತೆನೋ ತಿಳಿಯದು. ಆಫ್ರೀನ್ ಎಲ್ಲವನ್ನೂ ಬರೆದುಕೊಂಡಳು. ಬ್ಯಾಗಿನಿಂದ ಹೊಸ ಫಾರಂ ತೆಗೆದಳು.

"ಅವರ ಹೆಸರು ಆಂಟಿ?"

"ತಾತನ ಹೆಸರು ನಂಗೆ ಗೊತ್ತಿಲ್ಲಮ್ಮ. ನಾನ್ ಕೇಳ್ಲಿಲ್ಲ."

"ಪರವಾಗಿಲ್ಲ. ನಿಮ್ಮ ಫ್ರೆಂಡ್ ಹೆಸರು ಹೇಳಿ. ಅವರನ್ನ ಹುಡುಕಿದ್ರೆ ತಾತನ ಹೆಸರೂ ಸಿಗತ್ತೆ."

ನಾನು ಬಾಯಿ ತೆರೆದೆ. ಅವಳ ಜಡೆಗೆ ಕೆಂಪು ಟೇಪು. ಹುಣಸೆ ಚಿಗುರು ತಂದು ಅರ್ಧ ಕೊಡುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಜಾಣೆ, ನಾನು ಅವಳ ಸ್ಲೇಟು ನೋಡಿಯೇ ಪಾಸಾದದ್ದು. ಎಡ ಹುಬ್ಬಿನ ಮೇಲೊಂದು ಗಾಯದ ಗುರುತು. ಎಲ್ಲವೂ ಬಂತು, ಹೆಸರು ಬರಲಿಲ್ಲ. ಸ ಇಂದ ಶುರುವೇ? ಪ ಇಂದಲೇ? ಆಫ್ರೀನ್ ಪೆನ್ನು ಎತ್ತಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲದ ಹೆಂಗಸಿನ ಕಡಗ ಎಷ್ಟು ತೊಲ ಎಂಬುದು ನನಗೆ ನಿದ್ದೆಯಲ್ಲೂ ಗೊತ್ತು.

ಸಂಜೆ ಇಬ್ಬರೂ ಮುನಿಸ್ವಾಮಪ್ಪನವರ ಹತ್ತಿರ ಹೋದೆವು. ಎಂಬತ್ತು ದಾಟಿದೆ, ಮೀಸೆ ಬೆಳ್ಳಗಾಗಿದೆ. ಬಾವಿ ತೋಡಿದವರು ಯಾರು ಎಂದು ಕೇಳಿದ್ದಕ್ಕೆ, "ಯಾರೋ ಬಂದ್ರು, ತೋಡುದ್ರು, ಹೋದ್ರು. ಅವರ ಹೆಸ್ರು ಯಾರ್ ಇಟ್ಕೋತಾರಮ್ಮ?" ಎಂದರು. ಪಿಳ್ಳಮ್ಮ ನನ್ನ ಕಲ್ಪನೆ ಎಂದಾಗ ಕೋಲು ನೆಲಕ್ಕೆ ಕುಟ್ಟಿದರು.

"ಏನ್ ಜಯಮ್ಮ, ಶಾಲು ಹೊದ್ಕೊಂಡಿರೋನು ಕಣಮ್ಮ ನಾನು! ನಮ್ಮವ್ವ ನೀರ್ ಸೇದವ್ಳೆ ಅವಳ ಜತೆ. ನಿಂಗ್ ವಯಸ್ಸಾಯ್ತು, ಮರ್ತೋಗೈತೆ."

ಅವತ್ತಿನಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ದೀಪ ಹಚ್ಚುವ ಹೆಂಗಸರಿಗೂ ಸುದ್ದಿ ಹೋಗಿ, ನಾನು ಆ ಕಡೆ ಹೋದರೆ ಮಾತು ಕೆಳಗಿಳಿಯುತ್ತದೆ. ಸೋಮವಾರ ಬೆಳಗ್ಗೆ ನನ್ನ ಹಳೆಯ ಶಾಲೆಗೆ ಹೋಗಿ ದಾಖಲಾತಿ ಪುಸ್ತಕ ಕೇಳಿದೆ. ಅಲ್ಲಿಯವರು ಪಾಪ ಒಳ್ಳೆಯವರು, ಬೀರು ತೆಗೆದು ತೋರಿಸಿದರು. ನಮ್ಮ ವರ್ಷದ್ದನ್ನು ಗೆದ್ದಲು ತಿಂದು ರಟ್ಟು ಮಾತ್ರ ಉಳಿಸಿತ್ತು. ಗೇಟಿನ ಹೊರಗೆ ಬಂದು ಆಫ್ರೀನ್‌ಗೆ ಫೋನ್ ಮಾಡಿದೆ.

"ಪಿಳ್ಳಮ್ಮನ್ನೇ ಇಟ್ಕೊಂಡು ಕೊಟ್ಬಿಡಮ್ಮ. ನಿನ್ ಪ್ರಾಜೆಕ್ಟ್ ಹಾಳಾಗ್ಬಾರ್ದು."

"ಒಂಬತ್ತು ಜನ ಹೇಳಿದ್ದನ್ನ ಹಂಗೇ ಬರ್ದಿದ್ದೀನಿ ಆಂಟಿ. ನೀವು ಹೇಳಿದ್ದನ್ನೂ ಬರ್ದಿದ್ದೀನಿ. ತೋಡಿದವರ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೀನಿ. ಅಲ್ಲಿ ಬೇರೆ ಯಾರನ್ನೋ ಹೆಂಗೆ ಕೂರ್ಸೋದು?"

ಅವಳ ಪ್ರಾಜೆಕ್ಟು ಮುಂದಿನ ಸುತ್ತಿಗೆ ಹೋಗಲಿಲ್ಲ. ಅಪೂರ್ಣ ಎಂದರಂತೆ. ನಾನು ಅತ್ತೆ, ಅವಳು ಅಳಲಿಲ್ಲ. ಒಂದು ಡಬ್ಬಿ ಖರ್ಜೂರ ಹಿಡಿದುಕೊಂಡು ಬಂದವಳು ಅಂಗಡಿಯಲ್ಲಿ ತುಂಬಿಸಿದ ಫಾರಂನ ಒಂದು ಪ್ರತಿ ಕೊಟ್ಟು, "ಅಪೂರ್ಣ ಅಂದಿದ್ದು ಕರೆಕ್ಟೇ ಅಲ್ವಾ ಆಂಟಿ. ಫ್ರೆಂಡ್ ಹೆಸರು ನೆನಪು ಬಂದಾಗ ತುಂಬ್ಸಿ. ನಾನು ಬಂದು ಇಸ್ಕೊಂಡ್ ಹೋಗ್ತೀನಿ" ಎಂದಳು. ತಿಂಗಳಿಗೊಮ್ಮೆ ಬರುತ್ತಾಳೆ. ಮೊದಲು ಫ್ರಿಜ್ಜಿನ ಕಡೆ ನೋಡಿ, ಆಮೇಲೆ ನನ್ನ ಆರೋಗ್ಯ ವಿಚಾರಿಸುತ್ತಾಳೆ.

ಈಗ ನನಗೊಂದು ಅಭ್ಯಾಸ ಹತ್ತಿದೆ. ಬೆಳಗ್ಗೆ ಹಾಲು ಕಾಯಿಸುತ್ತ ಏಳನೇ ತರಗತಿಯ ಹಾಜರಿ ಕರೆಯುತ್ತೇನೆ. ಮಿಸ್ಸಿನ ದನಿಯಲ್ಲಿ ಕರೆದು, ಮಕ್ಕಳ ದನಿಯಲ್ಲಿ ನಾನೇ ಓಗೊಡುತ್ತೇನೆ. ಒಂದು, ಕೃಷ್ಣಮೂರ್ತಿ. ಎರಡು, ನಾಗರತ್ನ. ನಿಲ್ಲದೆ ಹೋದರೆ ಬಾಯಿಗೆ ತಾನಾಗಿ ಬಂದೀತೆಂದು ಬೇಗ ಬೇಗ ಹೇಳುತ್ತೇನೆ. ಹದಿನಾರು, ಹದಿನೇಳು. ಹದಿನೆಂಟು ಜಯಮ್ಮ, ಪ್ರೆಸೆಂಟ್ ಮಿಸ್. ಆಮೇಲೆ ಪಕ್ಕದಿಂದ ಇನ್ನೊಂದು ದನಿ, ಸ್ವಲ್ಪ ಒಡಕು, ಹುಣಸೆ ಚಿಗುರು ತಿಂದ ಗಂಟಲು, "ಪ್ರೆಸೆಂಟ್ ಮಿಸ್" ಎನ್ನುತ್ತದೆ. ದನಿ ಎಷ್ಟು ಸ್ಪಷ್ಟವೆಂದರೆ ನಾನು ತಿರುಗಿ ನೋಡುತ್ತೇನೆ. ಅದಕ್ಕೆ ಮೊದಲು ಮಿಸ್ಸು ಕರೆದ ಹೆಸರೊಂದು ಮಾತ್ರ ನನಗೆ ಕೇಳಿಸುವುದಿಲ್ಲ.